ಕೆಲಸ ಹೋದರೆ ಮಾನ ಹೋಗುತ್ತದೆಯೇ?

ಹೊಸೂರು ಸಿಪ್ಕಾಟ್‌ನಲ್ಲಿ ಕೆಲಸ ಕಳಕೊಂಡ ಹುಡುಗ ಮೊದಲು ಮಾಡೋದು ಏನು ಗೊತ್ತಾ? ಸುಳ್ಳು ಹೇಳೋದು. "ಲೀವಲ್ಲಿದ್ದೀನಿ ಅಣ್ಣ" ಅಂತಾನೆ. ಶಿಫ್ಟ್ ಹೊತ್ತಿಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಹೊರಟು, ಬಸ್ ಸ್ಟ್ಯಾಂಡಿನಲ್ಲಿ ದಿನ ಕಳೆದು ಬರುವವರೂ ಇದ್ದಾರೆ. ಮನೆಯವರೂ ಮುಚ್ಚಿಡುತ್ತಾರೆ. ಹೆಣ್ಣು ಕೊಡೋರಿಗೆ ಗೊತ್ತಾದರೆ? ಕೇರಿಯಲ್ಲಿ ಆಡಿಕೊಂಡರೆ? ತೆಗೆದುಹಾಕಿದ್ದಾರೆ ಅಂದಮೇಲೆ ಏನೋ ತಪ್ಪು ಮಾಡಿರಲೇಬೇಕು ಅನ್ನೋ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಈ ಲೆಕ್ಕ ಸರಿಯೋ ತಪ್ಪೋ, ನಮ್ಮ ಸುತ್ತಮುತ್ತಲ ಚರಿತ್ರೆಯನ್ನೇ ಕೇಳೋಣ.

ದೊಡ್ಡ ಹುದ್ದೆಯಿಂದಲೇ ಶುರು ಮಾಡೋಣ. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಹುದ್ದೆ ಹೋಯಿತು, ನಿಜ. ಆದರೆ ಆ ಗಲಾಟೆಯಲ್ಲಿ ಏಟು ತಿಂದ ತಲೆಮಾರಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಇವತ್ತು ಬಸವಲಿಂಗಪ್ಪನವರ ಹೆಸರನ್ನು ನಾವು ತಲೆ ತಗ್ಗಿಸಿಕೊಂಡು ಹೇಳ್ತೀವಾ?

ಈಗ ನಮ್ಮ ಹಳ್ಳಿಗಳಿಗೆ ಬನ್ನಿ. 1980ರ ನವೆಂಬರಿನಲ್ಲಿ ಎಂ.ಜಿ.ಆರ್. ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿ ತಮಿಳುನಾಡಿನ ಊರೂರಿನ ಕರ್ಣಂ, ಮುನ್ಸೀಪರ ಹುದ್ದೆಗಳನ್ನು ರದ್ದು ಮಾಡಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಒಂದೇ ಏಟಿಗೆ ಕೆಲಸ ಕಳಕೊಂಡರು. ನಮ್ಮ ಕಡೆ ಶಾನುಭೋಗರು, ಮಣಿಯಗಾರರು ಅಂದರೆ ಎಂಥಾ ಜೋರು ಅನ್ನೋದು ಹಿರಿಯರಿಗೆ ಗೊತ್ತು. ಪಹಣಿ ಅವರ ಕೈಲಿ, ಕಂದಾಯ ಅವರ ಕೈಲಿ. ಬಹಳ ಕಡೆ ತಾತನಿಂದ ಮೊಮ್ಮಗನಿಗೆ ಇಳಿದು ಬಂದ ಅಧಿಕಾರ. ಆ ಕೆಲಸ ಹೋದಾಗ ಅವರೇನು ಮಾಡಿದರು? ನಾಚಿಕೊಂಡು ಮೂಲೆಯಲ್ಲಿ ಕೂರಲಿಲ್ಲ. ವಕೀಲರನ್ನು ಹಿಡಿದರು, ಸುಪ್ರೀಂ ಕೋರ್ಟಿನ ತನಕ ಹೋದರು. 1982ರಲ್ಲಿ ಕೋರ್ಟು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ಆ ಜಾಗಕ್ಕೆ ಪೂರ್ಣಾವಧಿಯ ಗ್ರಾಮ ಆಡಳಿತ ಅಧಿಕಾರಿಗಳು, ಅಂದರೆ ಈಗಿನ ವಿ.ಎ.ಓ.ಗಳು ಬಂದರು. ಪರೀಕ್ಷೆ ಬರೆದು, ಮೀಸಲಾತಿಯಲ್ಲಿ ನಮ್ಮ ಮಕ್ಕಳೂ ಆ ಕುರ್ಚಿಯಲ್ಲಿ ಕೂರುವ ಹಾಗಾಯಿತು.

ಇಲ್ಲೊಂದು ಮಾತು. ಅದೇ ಹಳ್ಳಿಯಲ್ಲಿ ನಮ್ಮವರಿಗೂ ತಾತನಿಂದ ಇಳಿದು ಬಂದ ಕೆಲಸ ಇತ್ತಲ್ಲ, ತೋಟಿಕೆ? ಸತ್ತ ದನ ಎಳೆಯೋದು, ಸಾವಿನ ಸುದ್ದಿ ಹೊತ್ತು ಓಡೋದು. ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಸಭೆಯಲ್ಲಿ ಮಹಾರ್ ವತನಿನ ಬಗ್ಗೆ ಮಸೂದೆ ತಂದದ್ದು ಇಂಥಾ ಚಾಕರಿಯಿಂದ ಜನರನ್ನು ಬಿಡಿಸೋಕೆ. ಆ ಕೆಲಸ ಇದ್ದಾಗಲೇ ಮಾನ ಇರಲಿಲ್ಲ. ಹಾಗಾದರೆ ಕೆಲಸ ಇದ್ದರೆ ಮಾನ, ಹೋದರೆ ಅವಮಾನ ಅನ್ನೋ ತಕ್ಕಡಿ ಯಾರದು? ನಮ್ಮದಂತೂ ಅಲ್ಲ.

2003ಕ್ಕೆ ಬರೋಣ. ಆಗ ಹೊಸೂರು, ಕೃಷ್ಣಗಿರಿ ಎರಡೂ ಧರ್ಮಪುರಿ ಜಿಲ್ಲೆಯಲ್ಲೇ ಇದ್ದವು. ಕೃಷ್ಣಗಿರಿ ಜಿಲ್ಲೆ ಆದದ್ದು 2004ರ ಫೆಬ್ರವರಿಯಲ್ಲಿ. ಪಿಂಚಣಿ ಮತ್ತಿತರ ಸವಲತ್ತುಗಳನ್ನು ಕಡಿತ ಮಾಡಿದ್ದಕ್ಕೆ ತಮಿಳುನಾಡಿನ ಸರ್ಕಾರಿ ನೌಕರರು, ಮೇಷ್ಟ್ರುಗಳು ಜುಲೈ 2ರಿಂದ ಮುಷ್ಕರ ಹೂಡಿದರು. ಜಯಲಲಿತಾ ಸರ್ಕಾರ ಎಸ್ಮಾ ಪ್ರಯೋಗಿಸಿ ಸುಮಾರು 1,70,000 ಜನರನ್ನು ಕೆಲವೇ ದಿನಗಳಲ್ಲಿ ವಜಾ ಮಾಡಿತು. ನೋಟೀಸಿಲ್ಲ, ವಿಚಾರಣೆಯಿಲ್ಲ. ಅವರ ಜಾಗಕ್ಕೆ ತಾತ್ಕಾಲಿಕ ನೌಕರರನ್ನು ಸೇರಿಸಿಕೊಂಡಿತು. ಕೆಲಸವಿಲ್ಲದ ಹುಡುಗರು ಆ ಸಾಲಿನಲ್ಲಿ ನಿಂತರು, ಅವರನ್ನೂ ಬೈಯೋಕೆ ನನಗೆ ಬಾಯಿ ಬರೋದಿಲ್ಲ. ನಮ್ಮ ಕೇರಿಗಳಲ್ಲಿ ಸರ್ಕಾರಿ ಕೆಲಸ ಅಂದರೆ ಬರೀ ಸಂಬಳ ಅಲ್ಲ, ಗೌಡರ ಜಗಲಿ ಮುಂದೆ ಕೈಕಟ್ಟಿ ನಿಲ್ಲದೆ ಬದುಕೋ ಒಂದೇ ದಾರಿ. ಅದು ಒಂದು ಆರ್ಡರಿನಲ್ಲಿ ಹೋಯಿತು ಅಂದರೆ ಆ ಮನೆಗಳಲ್ಲಿ ಏನಾಗಿರಬೇಕು, ನೀವೇ ಯೋಚಿಸಿ.

ಆಗಸ್ಟ್ 6ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಹಕ್ಕಿಲ್ಲ, ನೈತಿಕ ಹಕ್ಕೂ ಇಲ್ಲ ಎಂದಿತು. ಬಂಧನವಾದವರು, ಕೇಸು ದಾಖಲಾದವರು ಬಿಟ್ಟು ಉಳಿದವರನ್ನು ವಾಪಸ್ ತಗೊಳ್ಳೋಕೆ ಸರ್ಕಾರ ಒಪ್ಪಿತು. ಷರತ್ತು ಏನು? ಬೇಷರತ್ ಕ್ಷಮಾಪಣೆ ಬರೆದುಕೊಡಬೇಕು, ಇನ್ನು ಮುಷ್ಕರ ಮಾಡೋದಿಲ್ಲ ಅಂತ ಮುಚ್ಚಳಿಕೆ ಕೊಡಬೇಕು. ಮನೆಯಲ್ಲಿ ಮಕ್ಕಳಿದ್ದಾರೆ, ಸಾಲ ಇದೆ. ಬರೆದುಕೊಟ್ಟರು. ಗಮನಿಸಿ: ಜುಲೈನಲ್ಲಿ ಕೆಲಸಕ್ಕೆ ಯೋಗ್ಯರಲ್ಲ ಅನ್ನಿಸಿಕೊಂಡ ಅದೇ ಮೇಷ್ಟ್ರು ಆಮೇಲೆ ಯೋಗ್ಯರಾದರು. ನಡುವೆ ಅವರ ಪಾಠ ಬದಲಾಗಲಿಲ್ಲ, ನಡತೆ ಬದಲಾಗಲಿಲ್ಲ. ಬದಲಾದದ್ದು ಒಂದು ಕಾಗದ. ನನ್ನ ಪ್ರಕಾರ ಅಲ್ಲಿ ಅವಮಾನ ಅಂತ ಏನಾದರೂ ಇದ್ದರೆ ವಜಾದಲ್ಲಿ ಇರಲಿಲ್ಲ, ಆ ಕ್ಷಮಾಪಣೆ ಬರೆಸಿಕೊಂಡದ್ದರಲ್ಲಿ ಇತ್ತು, ಅದೂ ಬರೆದವರದಲ್ಲ.

ನಮ್ಮಲ್ಲಿ ಅನೇಕರಿಗೆ ಕೆ.ಜಿ.ಎಫ್.ನಲ್ಲಿ ನೆಂಟರಿದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನೂರಿಪ್ಪತ್ತು ವರ್ಷ ಚಿನ್ನ ತೆಗೆದವರಲ್ಲಿ ಬಹುಪಾಲು ನಮ್ಮವರೇ. ಮುಚ್ಚಿದಾಗ ಹೇಳಿದ ಕಾರಣ ನಷ್ಟ. ಆ ಮನೆಗಳ ಮಕ್ಕಳು ಇವತ್ತಿಗೂ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ಬರುತ್ತಾರೆ.

ಸರಿ, ಕುಡಿದು ಹೋಗಿ, ಕದ್ದು, ಹೊಡೆದಾಡಿ ಕೆಲಸ ಕಳಕೊಂಡವರೂ ಇದ್ದಾರಲ್ಲ ಅಂತ ಕೇಳಬಹುದು. ಇದ್ದಾರೆ. ಅವರು ನಾಚಿಕೊಳ್ಳಲಿ, ಆದರೆ ಮಾಡಿದ ಕೆಲಸಕ್ಕೆ ನಾಚಿಕೊಳ್ಳಲಿ, ಕೆಲಸ ಹೋದದ್ದಕ್ಕಲ್ಲ. ಕಾನೂನೇ ಇವೆರಡನ್ನೂ ಬೇರೆ ಮಾಡಿ ನೋಡಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ಒಂದು ಕಲಮು ಸೇರಿಸಿದರು: ತಪ್ಪು ನಡೆದಿದ್ದರೂ ವಜಾ ಅನ್ನೋದು ಆ ತಪ್ಪಿಗೆ ಜಾಸ್ತಿಯಾಯಿತು ಅನ್ನಿಸಿದರೆ ಕಾರ್ಮಿಕ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಬಹುದು ಅಂತ. ಇನ್ನು ತಪ್ಪೇ ಇಲ್ಲದೆ ಹೋಗುವ ಕೆಲಸ ಎಷ್ಟು! ತಮಿಳುನಾಡಿನಲ್ಲಿ 1981ರ ಒಂದು ಕಾಯ್ದೆ ಪ್ರಕಾರ 24 ತಿಂಗಳಲ್ಲಿ 480 ದಿನ ದುಡಿದವನನ್ನು ಕಾಯಂ ಮಾಡಬೇಕು. ಅದಕ್ಕೇ 480 ತುಂಬೋ ಮುಂಚೆ "ಬ್ರೇಕ್" ಕೊಡೋದು. ಆ ಹುಡುಗ ಮಾಡಿದ ತಪ್ಪು ಇಷ್ಟೇ: ದಿನ ತಪ್ಪದೆ ಕೆಲಸಕ್ಕೆ ಹೋದದ್ದು.

ನಮ್ಮ ಈ ನಾಚಿಕೆಯಿಂದ ಯಾರಿಗೆ ಲಾಭ ಅನ್ನೋದನ್ನೂ ನೋಡಬೇಕು. ಆಳು ಕಡಿಮೆ ಮಾಡುವಾಗ ಆಫೀಸಿಗೆ ಕರೆದು ಹೇಳೋ ಮಾತು ನಿಮಗೆಲ್ಲ ಗೊತ್ತಿದ್ದದ್ದೇ: "ತೆಗೆದುಹಾಕಿದ್ವಿ ಅಂತ ಆದ್ರೆ ನಿನಗೇ ಕೆಟ್ಟ ಹೆಸರು. ಮರ್ಯಾದೆಯಾಗಿ ರಾಜೀನಾಮೆ ಬರೆದುಕೊಟ್ಟು ಹೋಗು." ಹುಡುಗ ಮಾನಕ್ಕೆ ಅಂಜಿ ಸಹಿ ಹಾಕುತ್ತಾನೆ. ಆಳು ಹೆಚ್ಚಾಯಿತು ಅಂತ ತೆಗೆಯುವಾಗ ಒಂದು ತಿಂಗಳ ನೋಟೀಸು ಇಲ್ಲವೇ ಅದರ ಸಂಬಳ, ಮೇಲೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು ಅಂತ 1953ರಲ್ಲೇ ಕಾನೂನಿಗೆ ಸೇರಿಸಿದ್ದಾರೆ. ತಾನಾಗಿ ಬಿಟ್ಟುಹೋದವನಿಗೆ ಅದು ಸಿಗೋದಿಲ್ಲ. ತಿಂಗಳಿಗೆ 18,000 ಸಂಬಳದಲ್ಲಿ ಆರು ವರ್ಷ ದುಡಿದವನ ಲೆಕ್ಕ ಹಾಕಿ: ವರ್ಷಕ್ಕೆ ಅರ್ಧ ತಿಂಗಳಂತೆ 54,000, ನೋಟೀಸಿನ ತಿಂಗಳು 18,000, ಒಟ್ಟು ಅಂದಾಜು 72,000 ರೂಪಾಯಿ. ಆ ಒಂದು ಸಹಿಯಲ್ಲಿ ಹೋಗೋದು ಅಷ್ಟು.