ಕಿಡಿಯಿಲ್ಲದ ಎಂಜಿನ್ನು

ರಾಣೆಬೆನ್ನೂರಿನ ನನ್ನ ಪಂಪು–ನಾಝಲ್ ಅಂಗಡಿಗೆ ಬರುವವರದು ಹೆಚ್ಚಾಗಿ ಒಂದೇ ದೂರು: "ಗಾಡಿ ಸ್ಟಾರ್ಟ್ ಆಗವಲ್ದು ಅಣ್ಣಾ." ಸೆಲ್ಫ್ ಹೊಡೆದಾಗ ಹೊಗೆ ಬರ್ತದೇನು, ಯಾವ ಬಣ್ಣದ್ದು ಅಂತ ನಾನು ಕೇಳುತ್ತೇನೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರ್ ಮುಟ್ಟಿಲ್ಲ. ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಲೈನಿನಲ್ಲಿ ಏರ್ ಹಿಡಿದಿರಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗಿದೆ, ಹತ್ತಿಕೊಂಡಿಲ್ಲ. ಶಾಖ ಸಾಲುತ್ತಿಲ್ಲ.

ಆ ಶಾಖ ಹುಟ್ಟಿಸುವುದಕ್ಕೆ ಜನ ಪಟ್ಟ ಪಾಡು ಬಹಳ ದೊಡ್ಡದು. ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ 1890ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿಗೆ ತಲೆಯ ಮೇಲೊಂದು ಕಬ್ಬಿಣದ ಬಲ್ಬಿತ್ತು. ಬ್ಲೋಲ್ಯಾಂಪಿನಿಂದ ಅದನ್ನು ಚೆನ್ನಾಗಿ ಕಾಯಿಸಿ, ಆಮೇಲೆ ಚಕ್ರ ತಿರುಗಿಸಬೇಕು. ಕಾಯ್ದದ್ದು ಕಡಿಮೆಯಾದರೆ ಎಣ್ಣೆ ಹತ್ತುತ್ತಿರಲಿಲ್ಲ. ಆಯಿಲ್ ಎಂಜಿನ್ ಕಟ್ಟಿ ಬಾವಿಯ ನೀರೆತ್ತುವುದನ್ನು ಮದ್ರಾಸ್ ಪ್ರಾಂತದಲ್ಲಿ ಬೆಳೆಸಿದ ಆಲ್‌ಫ್ರೆಡ್ ಚಾಟರ್‌ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ರೈತನಿಗೆ ಎಂಜಿನ್ ಮಾರಿದರೆ ಸಾಲದು, ಅದನ್ನು ನಡೆಸುವವನನ್ನೂ ತಯಾರು ಮಾಡಬೇಕು ಎಂಬ ಮಾತು ಅಂಥ ಯಂತ್ರಗಳಿಗೆ ಎಷ್ಟು ಒಪ್ಪುತ್ತದೆಂಬುದು ನನಗೆ ಗೊತ್ತು.

ಮ್ಯೂನಿಕ್‌ನಲ್ಲಿ ಲಿಂಡೆ ಎಂಬ ಪ್ರಾಧ್ಯಾಪಕರ ಬಳಿ ಓದಿದ್ದ ರುಡಾಲ್ಫ್ ಡೀಸೆಲ್ ಆ ಬ್ಲೋಲ್ಯಾಂಪನ್ನೇ ಕಿತ್ತುಹಾಕಿದ. ಗಾಳಿಯನ್ನು ಒತ್ತಿದರೆ ಅದೇ ಕಾಯುತ್ತದೆ. ಸಾಕಷ್ಟು ಒತ್ತಿದರೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಡೀಸೆಲ್ ತಾನಾಗಿ ಹತ್ತಲು ಅದರ ಅರ್ಧ ಸಾಕು. ಆಗ್ಸ್‌ಬರ್ಗ್‌ನಲ್ಲಿ ಅವನ ಎಂಜಿನ್ 1897ರಲ್ಲಿ ಪರೀಕ್ಷೆ ಗೆದ್ದಿತು. ಅಲ್ಲಿಂದ ಇಲ್ಲಿಯವರೆಗೆ ನಾವು ಹುಡುಕುವ ದೋಷ ಬಹುಪಾಲು ಒತ್ತಿದ ಗಾಳಿ ಎಲ್ಲಿ ಸೋರಿತು, ಶಾಖ ಎಲ್ಲಿ ಕಳೆಯಿತು ಎಂಬುದೇ.

ನಮ್ಮಪ್ಪನ ಹಿಟ್ಟಿನ ಗಿರಣಿಯಲ್ಲಿದ್ದದ್ದು ಲಿಸ್ಟರ್ ಮಾದರಿಯ ಎಂಜಿನ್, ನಿಮಿಷಕ್ಕೆ 650 ಸುತ್ತಿನದು. ಈ ಮಾದರಿಯನ್ನು ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಮೊದಲು ಮಾಡಿದರು, ಆಮೇಲೆ ರಾಜಕೋಟದವರು ಅದನ್ನೇ ಮಾಡಿ ದೇಶಕ್ಕೆಲ್ಲ ಹಂಚಿದರು. ಹೆಡ್ಡಿನಲ್ಲಿ ಒಂದು ತಿರುಪು ವಾಲ್ವ್ ಇತ್ತು. ಸ್ಟಾರ್ಟ್ ಮಾಡುವಾಗ ಅದನ್ನು ಮುಚ್ಚಿದರೆ ಒಳಗಿನ ಜಾಗ ಕಿರಿದಾಗಿ ಗಾಳಿ ಹೆಚ್ಚು ಒತ್ತುತ್ತಿತ್ತು, ಎಂಜಿನ್ ಕಾದ ಮೇಲೆ ಬಿಚ್ಚುವುದು. ಅಪ್ಪ ಎಕ್ಸಾಸ್ಟ್ ವಾಲ್ವ್ ಎತ್ತಿ ಹಿಡಿದು ಹ್ಯಾಂಡಲ್ ಹೊಡೆಯುವರು, ಚಕ್ರಕ್ಕೆ ಓಟ ಬಂದೊಡನೆ ವಾಲ್ವ್ ಬಿಡುವರು. ಚಳಿಗಾಲದಲ್ಲಿ ಹತ್ತದಿದ್ದರೆ ಇನ್‌ಟೇಕಿಗೆ ಒಂದಿಷ್ಟು ಎಂಜಿನ್ ಆಯಿಲ್ ಬಿಡುವರು. ಸವೆದ ರಿಂಗಿನ ಸಂದು ತುಂಬಿ ಒತ್ತಡ ನಿಲ್ಲುತ್ತಿತ್ತು. ಆಯಿಲ್ ಹಾಕಿದ್ದಕ್ಕೆ ಹತ್ತಿತೆಂದರೆ ರೋಗ ನಾಝಲ್ಲಿನದಲ್ಲ, ರಿಂಗಿನದು. ಮದ್ದೂ ಅದೇ, ಪರೀಕ್ಷೆಯೂ ಅದೇ.

ಲಾರಿಗಳ ಕಥೆ ಬೇರೆ. 1954ರಲ್ಲಿ ಜರ್ಮನಿಯ ಕಂಪನಿಯೊಂದರ ಜೊತೆಗೂಡಿ ಟಾಟಾದವರು ಜಮ್‌ಶೆಡ್‌ಪುರದಲ್ಲಿ ಮರ್ಸಿಡಿಸ್ ಲಾರಿ ಕಟ್ಟಲು ತೊಡಗಿದರು. ಆ ಎಂಜಿನ್ನಿನಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಸಿಡಿಯುತ್ತಿತ್ತು. ತಣ್ಣಗಿನ ಕೋಣೆಯ ಗೋಡೆ ಶಾಖ ಹೀರಿಬಿಡುತ್ತದೆ, ಅದಕ್ಕೇ ಪ್ರತಿ ಕೋಣೆಗೊಂದು ಹೀಟರ್ ಪ್ಲಗ್. ಆರೂ ಪ್ಲಗ್ಗುಗಳಿಗೆ ಕರೆಂಟು ಒಂದರಿಂದೊಂದಕ್ಕೆ ಸಾಲಾಗಿ ಹರಿಯುತ್ತಿತ್ತು. ಅದೇ ಸಾಲಿನ ಇನ್ನೊಂದು ಕಾಯಿಲ್ ಡ್ರೈವರನ ಮುಂದೆ, ಡ್ಯಾಶ್‌ಬೋರ್ಡಿನ ಜಾಲರಿಯೊಳಗೆ ಕೆಂಪಾಗುತ್ತಿತ್ತು. ಅದು ಕೆಂಪಾಗದಿದ್ದರೆ ಸಾಲಿನಲ್ಲಿ ಎಲ್ಲೋ ಒಂದು ಕಡಿದಿದೆ. ತೀರಾ ಬೇಗ ಬೆಳ್ಳಗಾದರೆ ಒಂದು ಶಾರ್ಟ್ ಆಗಿದೆ. ಕಡಿದದ್ದನ್ನು ಹುಡುಕಲು ಮೀಟರ್ ಬೇಕಿರಲಿಲ್ಲ. ಒಬ್ಬ ಕ್ಯಾಬಿನಿನಲ್ಲಿ ಹೀಟರ್ ಕೊಡುತ್ತಾ ಜಾಲರಿ ನೋಡುವುದು, ಇನ್ನೊಬ್ಬ ಪ್ಲಗ್ಗಿನ ಎರಡು ತುದಿಗೂ ಸ್ಕ್ರೂಡ್ರೈವರ್ ಅಡ್ಡ ಇಡುತ್ತಾ ಹೋಗುವುದು. ಯಾವ ಪ್ಲಗ್ಗಿನ ಮೇಲಿಟ್ಟಾಗ "ಹಾಂ, ಕೆಂಪಾತು" ಎಂಬ ಕೂಗು ಬಂತೋ ಅದೇ ಕೆಟ್ಟದ್ದು. ದೋಷವನ್ನು ಕಣ್ಣಿಗೆ ಕಾಣಿಸುವ ಇಷ್ಟು ಒಳ್ಳೆಯ ಏರ್ಪಾಡನ್ನು ಆಮೇಲಿನ ಗಾಡಿಗಳಲ್ಲಿ ನಾನು ಕಂಡಿಲ್ಲ. ಪೆನ್ಸಿಲ್ ಪ್ಲಗ್ ಬಂದ ಮೇಲೆ ಒಂದೊಂದಕ್ಕೂ ಬೇರೆಬೇರೆ ಕರೆಂಟು. ಒಂದು ಸತ್ತರೂ ಉಳಿದವು ದುಡಿಯುತ್ತವೆ, ಗಾಡಿ ಹೇಗೋ ಹತ್ತುತ್ತದೆ, ಎರಡು ಮೂರು ಸಾಯುವ ತನಕ ಮಾಲೀಕನಿಗೆ ತಿಳಿಯುವುದಿಲ್ಲ.

ನೇರ ಸಿಲಿಂಡರಿಗೇ ಸಿಡಿಸುವ ಎಂಜಿನ್ ಬಂದು ಹೀಟರಿನ ಕೆಲಸ ಎಷ್ಟೋ ಕಡಿಮೆಯಾಯಿತು, ಭಾರವೆಲ್ಲ ಪಂಪು ನಾಝಲ್ಲುಗಳ ಮೇಲೆ ಬಿತ್ತು. ರುಡಾಲ್ಫ್ ಡೀಸೆಲ್‌ನ ಕಾಲದಲ್ಲಿ ಎಣ್ಣೆಯನ್ನು ಒಳಗೆ ಊದಲು ಒತ್ತಿಟ್ಟ ಗಾಳಿಯೇ ಬೇಕಿತ್ತು. ಅದನ್ನು ಬಿಡಿಸಿ ಚಿಕ್ಕ ಎಂಜಿನ್ನುಗಳಿಗೆ ದಾರಿ ಮಾಡಿದ್ದು 1927ರಲ್ಲಿ ಬಾಷ್ ತಯಾರಿಸತೊಡಗಿದ ಪಂಪು. ಅಂಥ ಪಂಪನ್ನು ನಮ್ಮಲ್ಲಿ ಮಾಡಿದ ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿ 1951ರಲ್ಲಿ ಹುಟ್ಟಿತು. ಅದರ ಪಂಪಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ಕಣ್ಣಿಗೆ ಬೀಳದ ಮಣ್ಣು ಸಾಕು, ಅದನ್ನು ಗೀರಿ ಹಾಳು ಮಾಡಲು. ಟೆಸ್ಟರಿಗೆ ಕಟ್ಟಿ ಒತ್ತಿದರೆ ಒಳ್ಳೆಯ ನಾಝಲ್ "ಕರ್ರ್" ಎಂದು ಮಂಜಿನಂತೆ ಸಿಡಿಸುತ್ತದೆ. ಕೆಟ್ಟದ್ದು ತೊಟ್ಟಿಕ್ಕುತ್ತದೆ.

ಅಪ್ಪನಿಂದ ಬಂದ ಇನ್ನೊಂದು ಪರೀಕ್ಷೆಯನ್ನು ಮಾತ್ರ ಈಗ ನಿಲ್ಲಿಸಿದ್ದೇನೆ. ನಾಝಲ್ಲಿನ ಪೈಪಿನ ನಟ್ಟು ಸಡಿಲಿಸಿ, ಎಂಜಿನ್ ತಿರುಗಿಸಿ, ಡೀಸೆಲ್ ಚಿಮ್ಮುತ್ತದೋ ಗುಳ್ಳೆ ಬರುತ್ತದೋ ನೋಡುವುದು ಹಳೆಯ ರೂಢಿ. ಕಾಮನ್ ರೈಲ್ ಗಾಡಿಗಳಲ್ಲಿ ಆ ಪೈಪಿನೊಳಗೆ ಒತ್ತಡ 1000 ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಸಂದಿನಿಂದ ಹೊರಟ ಡೀಸೆಲ್ ಚರ್ಮ ಸೀಳಿ ಕೈಯೊಳಗೆ ಇಳಿಯುತ್ತದೆ, ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಬೆರಳೇ ಕೊಳೆಯಬಹುದು. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನ ಹೇಳುವುದು ಇದನ್ನೇ: ಎಂಜಿನ್ ತಿರುಗುವಾಗ ಆ ನಟ್ಟಿಗೆ ಸ್ಪ್ಯಾನರ್ ಹಾಕಬೇಡ, ಸ್ಕ್ಯಾನರ್ ಜೋಡಿಸಿ ರೈಲ್ ಪ್ರೆಷರ್ ಓದು, ಹಾಗೂ ಕೈಗೆ ಡೀಸೆಲ್ ಚುಚ್ಚಿತೆಂದರೆ ನೋವಿಲ್ಲದಿದ್ದರೂ ನೇರ ಆಸ್ಪತ್ರೆಗೆ ನಡಿ.