ಜಗಜಟ್ಟಿಯ ಬಿರುದು

ಜಗಜಟ್ಟಿಯೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಆದರೆ ಲೋಕದ ಮಲ್ಲರಿಗೆಲ್ಲ ಒಬ್ಬನನ್ನೇ ಒಡೆಯನೆಂದು ಸಾರಿ, ಅವನನ್ನು ಗೆದ್ದವನಿಗೇ ಆ ಬಿರುದು ಸಲ್ಲಬೇಕೆಂಬ ಕಟ್ಟಳೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಾಶ್ಚಾತ್ಯರಲ್ಲಿ ಬೇರೂರಿತು. ಪರಾಕ್ರಮದ ಗುರುತಾಗಿದ್ದ ಈ ಬಿರುದು ಇಪ್ಪತ್ತೇ ವರುಷಗಳಲ್ಲಿ ಅಂಗಡಿಯ ಸರಕಾದ ಬಗೆಯು ವಿಚಾರಾರ್ಹವಾಗಿದೆ.

1905ನೆಯ ಮೇ 4ರಂದು ಎಸ್ಟೋನಿಯದ ಜಾರ್ಜ್ ಹ್ಯಾಕೆನ್‌ಷ್ಮಿಟ್ ಎಂಬವನು ನ್ಯೂಯಾರ್ಕಿನಲ್ಲಿ ಅಮೆರಿಕದ ಟಾಮ್ ಜೆಂಕಿನ್ಸನನ್ನು ಸೋಲಿಸಿದನು. ಅಂದಿನಿಂದಲೇ ಈ ಪರಂಪರೆಯನ್ನು ಎಣಿಸುವುದು ವಾಡಿಕೆ. 1908ರ ಏಪ್ರಿಲ್ 3ರಂದು ಷಿಕಾಗೋ ನಗರದಲ್ಲಿ ಅಯೋವ ಪ್ರಾಂತದ ರೈತನ ಮಗ ಫ್ರಾಂಕ್ ಗಾಚನು ಅವನೊಡನೆ ಎರಡು ಗಂಟೆಗಳಿಗೂ ಮೇಲ್ಪಟ್ಟು ಹೆಣಗಿದನು. ಕಡೆಗೆ ಹ್ಯಾಕೆನ್‌ಷ್ಮಿಟ್ಟನು ತಾನಾಗಿಯೇ ಸೋಲೊಪ್ಪಿದನು. ಎದುರಾಳಿಯು ಮೈಗೆ ಎಣ್ಣೆ ಹಚ್ಚಿಕೊಂಡಿದ್ದನೆಂದು ಅವನು ದೂರಿದುದುಂಟು. 1911ರಲ್ಲಿ ಮತ್ತೆ ಸೆಣಸಿದಾಗಲೂ ಗಾಚನೇ ಗೆದ್ದನು.

ಗಾಚನ ತರುವಾಯ ಜೋ ಸ್ಟೆಚರ್, ಅರ್ಲ್ ಕ್ಯಾಡಕ್, ಎಡ್ ಲೂಯಿಸ್ ಇವರು ಬಿರುದನ್ನು ಪಡೆದರು. ಇಲ್ಲಿಯೇ ಒಂದು ತೊಡಕು ಕಾಣಿಸಿಕೊಂಡಿತು. ಸಮಬಲರು ನಿಜವಾಗಿ ಹೋರಾಡಿದರೆ ನೋಟಕರಿಗೆ ಬೇಸರ. 1916ರ ಜುಲೈ 4ರಂದು ಒಮಾಹದಲ್ಲಿ ಸ್ಟೆಚರನೂ ಲೂಯಿಸನೂ ಸುಮಾರು ಐದು ಗಂಟೆಗಳ ಕಾಲ ಹಿಡಿದಾಡಿಯೂ ಯಾರೂ ಗೆಲ್ಲಲಿಲ್ಲ. ಬೆಲೆ ತೆತ್ತು ಬಂದವರನ್ನು ಹೀಗೆ ಎಷ್ಟು ದಿನ ಕೂರಿಸಬಹುದು? ಸೋಲುಗೆಲವುಗಳನ್ನು ಮೊದಲೇ ಗೊತ್ತುಮಾಡುವ ವರ್ತಕಬುದ್ಧಿಗೆ ಇದೂ ಒಂದು ಕಾರಣವಾಯಿತು.

1925ರ ಜನವರಿ 8ರಂದು ಲೂಯಿಸನೂ ಅವನ ಪಾಲುದಾರರೂ ಬಿರುದನ್ನು ವೇಯ್ನ್ ಮನ್ ಎಂಬ ಕಾಲ್ಚೆಂಡಿನ ಆಟಗಾರನಿಗೆ ಒಪ್ಪಂದದ ಮೇಲೆ ಬಿಟ್ಟುಕೊಟ್ಟರು. ಆಳು ಆರೂವರೆ ಅಡಿ, ಕುಸ್ತಿಯಲ್ಲಿ ಪಳಗಿದವನಲ್ಲ. ಏಪ್ರಿಲ್ 15ರಂದು ಫಿಲಡೆಲ್ಫಿಯದಲ್ಲಿ ಪೋಲೆಂಡಿನ ಸ್ಟಾನಿಸ್ಲಾಸ್ ಬಿಸ್ಕೋ ಅವನಿಗೆ ಸೋಲಬೇಕೆಂದು ಮಾತಾಗಿದ್ದಿತು. ನಲವತ್ತನ್ನು ದಾಟಿದ್ದ ಆ ಮುದಿಜಟ್ಟಿಯು ಮಾತು ಮುರಿದು, ನಿಜವಾಗಿಯೇ ಕುಸ್ತಿ ಹಿಡಿದು, ಮನ್ನನನ್ನು ಮತ್ತೆ ಮತ್ತೆ ಚಿತ್ತುಮಾಡಿಬಿಟ್ಟನು! ಇದನ್ನು ಸತ್ಯದ ಜಯವೆಂದು ಹಿಗ್ಗುವಂತಿಲ್ಲ. ಎದುರುಪಕ್ಷದ ವರ್ತಕರು ಅವನನ್ನು ಒಳಗೊಳಗೇ ಕೊಂಡಿದ್ದರು. ಮೇ 30ರಂದು ಅವನು ಅವರ ಕಡೆಯ ಸ್ಟೆಚರನಿಗೆ ಬಿರುದನ್ನು ಒಪ್ಪಿಸಿದನು.

ಈ ಬಿಸ್ಕೋವನ್ನು ನಮ್ಮ ದೇಶದವರು ಬಲ್ಲರು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನನೆದುರು ಎರಡೂವರೆ ಗಂಟೆಗೂ ಹೆಚ್ಚು ಕಾಲ, ಬಹುಪಾಲು ನೆಲಕ್ಕೆ ಕವುಚಿಕೊಂಡೇ, ಸೋಲನ್ನು ತಪ್ಪಿಸಿಕೊಂಡವನು ಇವನೇ. ವಾರದ ಮೇಲೆ ಮರಳಿ ಕಣಕ್ಕೆ ಬಾರದುದರಿಂದ ಜಾನ್ ಬುಲ್ ಪಟ್ಟಿಯು ಗಾಮನಿಗೆ ಸಂದಿತು. 1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರು ಇಬ್ಬರನ್ನೂ ತಿರುಗಿ ಕಣಕ್ಕಿಳಿಸಿದರು. ಐವತ್ತರ ಹತ್ತಿರವಿದ್ದ ಗಾಮನು ಒಂದು ನಿಮಿಷವೂ ತುಂಬುವುದರೊಳಗೆ ಬಿಸ್ಕೋವಿನ ಬೆನ್ನನ್ನು ನೆಲಕ್ಕೆ ಮುಟ್ಟಿಸಿದನು. ಅಮೆರಿಕದ ಜಗಜಟ್ಟಿಗಳ ಯಾದಿಯಲ್ಲಿ ಗಾಮನ ಹೆಸರಿಲ್ಲ. ಮರುತಿಂಗಳು ಸೇಂಟ್ ಲೂಯಿಸ್ ನಗರದಲ್ಲಿ ಲೂಯಿಸನು ಸ್ಟೆಚರನಿಂದ ಆ ಬಿರುದನ್ನು ಮರಳಿ ಪಡೆದನು.