ಕ್ರೋಶಾ ಮಸಿಬಟ್ಟೆ: ನೂಲು ಹತ್ತಿಯದಿರಲಿ, ಪದರ ಎರಡಿರಲಿ

ಶಿವಪುರ (ಮದ್ದೂರು ತಾಲ್ಲೂಕು): ಶಿವಪುರ ಎಂದೊಡನೆ ನೆನಪಿಗೆ ಬರುವುದು 1938ರ ಏಪ್ರಿಲ್ ತಿಂಗಳ ಧ್ವಜ ಸತ್ಯಾಗ್ರಹ. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯ ಅಧಿವೇಶನದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಕಾಂಗ್ರೆಸ್ ಧ್ವಜವನ್ನು ಇಲ್ಲಿ ಹಾರಿಸಲಾಯಿತು. ಆ ಧ್ವಜದ ನಡುವೆ ಇದ್ದುದು ಚರಕ. ಮನೆಯಲ್ಲಿ ಬಳಸುವ ನೂಲು ಯಾವುದು ಎಂಬುದು ಅಂದು ಸ್ವದೇಶಿಯ ಪ್ರಶ್ನೆಯಾಗಿತ್ತು. ಇದೇ ಸೀಮೆಯ ಅಡುಗೆಮನೆಗಳಲ್ಲಿ ಇಂದು ಅದು ಬೆರಳು ಸುಡುವ, ಸುಡದಿರುವ ಪ್ರಶ್ನೆಯಾಗಿ ಉಳಿದಿದೆ.

ಮಂಡ್ಯ ಸೀಮೆಯ ದಿನನಿತ್ಯದ ಊಟ ರಾಗಿಮುದ್ದೆ. ಸಾರಿನ ಪಾತ್ರೆಯನ್ನಾದರೆ ಒಲೆಯಿಂದ ಇಳಿಸಿ ಕೈಬಿಡಬಹುದು. ಮುದ್ದೆಯ ಪಾತ್ರೆಯನ್ನು ಹಾಗೆ ಬಿಡುವಂತಿಲ್ಲ. ಹಿಟ್ಟು ಗಂಟಾಗದಂತೆ ಕೋಲಿನಿಂದ ತಿರುವುವಷ್ಟು ಹೊತ್ತೂ ಸುಡುವ ಪಾತ್ರೆ ಅಲುಗದಂತೆ ಒತ್ತಿ ಹಿಡಿದಿರಬೇಕು. ಇದಕ್ಕೆ ತಲೆತಲಾಂತರದಿಂದ ಬಳಕೆಯಲ್ಲಿರುವುದು ಮಸಿಬಟ್ಟೆ, ಅಂದರೆ ಹಳೆಯ ಪಂಚೆ ಅಥವಾ ಸೀರೆಯ ತುಂಡು. ಪಂಚೆ, ಸೀರೆಗಳೆಲ್ಲ ಹತ್ತಿಯವೇ ಆಗಿದ್ದ ಕಾಲದಲ್ಲಿ ಈ ವ್ಯವಸ್ಥೆಗೆ ದೋಷವಿರಲಿಲ್ಲ. ಈಗ ಮನೆಯ ಹಳೆಯ ಸೀರೆ ಬಹುಪಾಲು ಪಾಲಿಯೆಸ್ಟರ್ ಆಗಿರುತ್ತದೆ. ಕಾದ ಬಾಣಲೆಗೆ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜೋತುಬೀಳುವ ಅದರ ತುದಿಗೆ ಗ್ಯಾಸ್ ಒಲೆಯ ಜ್ವಾಲೆ ತಗುಲುವ ಅಪಾಯವೂ ಉಂಟು.

ಅಂಗೈಯಗಲದ, ಜೋತುಬೀಳದ, ದಪ್ಪನೆಯ ಹತ್ತಿಯ ಮಸಿಬಟ್ಟೆಯೊಂದನ್ನು ಕ್ರೋಶಾ ಕಡ್ಡಿಯಿಂದ ಮನೆಯಲ್ಲೇ ಹೆಣೆದುಕೊಳ್ಳಬಹುದು. ಕ್ರೋಶಾ ಕಲಿಯಬಯಸುವವರಿಗೆ ಇದಕ್ಕಿಂತ ತಕ್ಕ ಮೊದಲ ಪಾಠವಿಲ್ಲ.

ಕ್ರೋಶಾ ಎಂಬುದು ಫ್ರೆಂಚ್ ಮೂಲದ ಪದ. ಸಣ್ಣ ಕೊಕ್ಕೆ ಎಂದು ಅರ್ಥ. ಎರಡು ಕಡ್ಡಿಗಳ ಉಣ್ಣೆ ಹೆಣಿಗೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಕಡ್ಡಿ ಒಂದೇ, ಅದರ ಮೇಲೆ ಸಾಮಾನ್ಯವಾಗಿ ಉಳಿಯುವ ಕುಣಿಕೆಯೂ ಒಂದೇ. ಕೈತಪ್ಪಿದರೆ ಇಡೀ ಸಾಲು ಬಿಚ್ಚಿಹೋಗುವ ಭಯವಿಲ್ಲ. 1845ರಲ್ಲಿ ಆರಂಭವಾದ ಕ್ಷಾಮದ ದಿನಗಳಲ್ಲಿ ಐರ್ಲೆಂಡಿನ ಎಷ್ಟೋ ಕುಟುಂಬಗಳಿಗೆ ಈ ಕೆಲಸವೇ ಅನ್ನದ ದಾರಿಯಾಗಿತ್ತು. ನೆರೆಯ ಆಂಧ್ರಪ್ರದೇಶದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳಿಂದ ಹರಡಿದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕನ್ನಡದ ಮನೆಗಳಲ್ಲಿ ಬಾಗಿಲ ತೋರಣ, ಮೇಜಿನ ಹೊದಿಕೆ, ಟಿ.ವಿ. ಮೇಲಿನ ಮುಸುಕು ಇವೆಲ್ಲ ಕ್ರೋಶಾ ಕೈಗಳಿಂದಲೇ ಬಂದವು. ಅಡುಗೆಮನೆಗೆ ಮಾತ್ರ ಅದು ಅಷ್ಟಾಗಿ ಕಾಲಿಡಲಿಲ್ಲ.

ಮೊದಲು ನೂಲಿನ ವಿಚಾರ. ಫ್ಯಾನ್ಸಿ ಸ್ಟೋರ್‌ಗಳಲ್ಲಿ ‘ಉಲ್ಲನ್’ ಎಂಬ ಹೆಸರಿನಲ್ಲಿ ದೊರೆಯುವ ಬಣ್ಣಬಣ್ಣದ ಉಂಡೆಗಳಲ್ಲಿ ಹೆಚ್ಚಿನವು ಉಣ್ಣೆಯಲ್ಲ, ಅಕ್ರಿಲಿಕ್. ನೋಡಲು ಚೆನ್ನ, ಬೆಲೆಯೂ ಕಡಿಮೆ. ಆದರೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಮೆದುವಾಗಿ ಅಂಟತೊಡಗುತ್ತದೆ. ಬರಿದೇ ಕಾದ ಕಾವಲಿ ಈ ಉಷ್ಣತೆಯನ್ನು ಸುಲಭವಾಗಿ ಮುಟ್ಟುತ್ತದೆ. ಹತ್ತಿ ಕರಗುವುದಿಲ್ಲ, ಹೆಚ್ಚೆಂದರೆ ಕಂದಿ ಕರಕಾಗುತ್ತದೆ. ಆ ವಾಸನೆಯೇ ಕೈಬಿಡಲು ಮುನ್ಸೂಚನೆ.

ಲೇಬಲ್ ಇಲ್ಲದ ನೂಲನ್ನು ಪರೀಕ್ಷಿಸಲು ಒಂದು ಗೇಣು ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಬೆಂಕಿಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ಅದು ನಿಜವಾದ ಉಣ್ಣೆ. ಮುದುಡಿ ಗಟ್ಟಿ ಮಣಿಯಂತಾದರೆ ಅದು ಕೃತಕ ನೂಲು. ಅದರಲ್ಲಿ ಗೊಂಬೆಯನ್ನು ಹೆಣೆಯಿರಿ, ಮಸಿಬಟ್ಟೆಯನ್ನಲ್ಲ. ದಪ್ಪನೆಯ ಹತ್ತಿನೂಲು ಸಿಗದಿದ್ದಲ್ಲಿ ತೆಳುವಾದ ಕ್ರೋಶಾ ನೂಲನ್ನೇ ಹಲವು ಎಳೆ ಸೇರಿಸಿ ಬಳಸಬಹುದು.

ಇನ್ನು ಹೊಸಬರನ್ನು ಸೋಲಿಸುವುದು ಅಂಚು. ಸಾಲು ಮುಗಿದಾಗಲೆಲ್ಲ ತಿರುಗಿಸಿ ಹೆಣೆಯುವ ಸಾಮಾನ್ಯ ಚೌಕದಲ್ಲಿ ಸಾಲಿನ ಕೊನೆಯ ಹೊಲಿಗೆ ಕಣ್ಣಿಗೆ ಬೀಳದೆ ತಪ್ಪಿಹೋಗುತ್ತದೆ. ಸಾಲಿಗೊಂದರಂತೆ ಕಳೆದರೂ ಚೌಕ ತ್ರಿಕೋನದತ್ತ ಸಾಗುತ್ತದೆ. ಈ ಸಾಲುಗಳ ಲೇಖಕನ ಮೊದಲ ಯತ್ನ 30 ಹೊಲಿಗೆಗಳಿಂದ ಹೊರಟು 21ಕ್ಕೆ ಬಂದು ನಿಂತಿತ್ತು. ಅಷ್ಟೆಲ್ಲ ಸರಿಯಾಗಿ ಹೆಣೆದರೂ ಸಿಗುವುದು ಒಂದೇ ಪದರ. ಮುದ್ದೆಯ ಪಾತ್ರೆಗೆ ಅದು ಸಾಲದು. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಅಂಚೇ ಇಲ್ಲದ ಚೀಲದ ವಿಧಾನ. ಸುತ್ತಿಗೆ ಸುತ್ತು ಹೆಣೆದು, ಕೊನೆಗೆ ಮಡಚಿ ಹೊಲಿದರೆ ಚೌಕ ತಾನಾಗಿಯೇ ಎರಡು ಪದರದ್ದಾಗುತ್ತದೆ.

ಬೇಕಾಗುವುದು 50ರಿಂದ 60 ಗ್ರಾಂ ದಪ್ಪ ಹತ್ತಿನೂಲು, 4 ಮಿ.ಮೀ. ಕ್ರೋಶಾ ಕಡ್ಡಿ, ಕತ್ತರಿ, ದೊಡ್ಡ ಕಣ್ಣಿನ ಸೂಜಿ ಮತ್ತು ಗುರುತಿಗೆ ಬೇರೆ ಬಣ್ಣದ ಒಂದು ತುಂಡು ದಾರ.

ನೂಲಿನ ತುದಿಯಲ್ಲಿ ಜಾರುಗಂಟು ಹಾಕಿ ಕಡ್ಡಿಗೆ ಏರಿಸಿ. ನೂಲನ್ನು ಕಡ್ಡಿಯ ಮೇಲೆ ಸುತ್ತಿ, ಕೊಕ್ಕೆಯಿಂದ ಹಿಡಿದು, ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್ ಹೊಲಿಗೆ. ಹೀಗೆ 36 ಚೈನ್ ಹಾಕಿ. ಹೊಸಬರ ಕೈ ಬಿಗಿ. ಚೈನ್ ಬಿಗಿಯಾದರೆ ಮುಂದೆ ಕೊಕ್ಕೆ ತೂರುವುದಿಲ್ಲ. ಆದ್ದರಿಂದ ಸಡಿಲವಾಗಿಯೇ ಹಾಕುವುದು ಲೇಸು.

ಕಡ್ಡಿಯ ಪಕ್ಕದ ಮೊದಲ ಚೈನ್ ಬಿಟ್ಟು, ಎರಡನೆಯದರಿಂದ ಸಿಂಗಲ್ ಕ್ರೋಶಾ ಆರಂಭಿಸಿ. ಹೊಲಿಗೆಯೊಳಗೆ ಕೊಕ್ಕೆ ತೂರಿಸಿ ನೂಲನ್ನು ಎಳೆದುಕೊಂಡರೆ ಕಡ್ಡಿಯ ಮೇಲೆ 2 ಕುಣಿಕೆಗಳಾಗುತ್ತವೆ; ಮತ್ತೆ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಬೇಕು. ಈ ಹೊಲಿಗೆಗೆ ಅಮೆರಿಕದ ಪುಸ್ತಕಗಳಲ್ಲಿ ಸಿಂಗಲ್ ಕ್ರೋಶಾ ಎಂದೂ ಬ್ರಿಟಿಷ್ ಪುಸ್ತಕಗಳಲ್ಲಿ ಡಬಲ್ ಕ್ರೋಶಾ ಎಂದೂ ಹೆಸರು. ಪುಸ್ತಕ ನೋಡಿ ಕಲಿಯುವ ಎಷ್ಟೋ ಮಂದಿ ಎಡವುವುದು ಇಲ್ಲಿಯೇ.

35 ಹೊಲಿಗೆಗಳಾದ ಮೇಲೆ ಚೈನಿನ ತುದಿ ಬರುತ್ತದೆ. ಅಲ್ಲಿ ಹಿಂದಿರುಗದೆ, ಕೆಲಸವನ್ನು ತಲೆಕೆಳಗಾಗಿ ತಿರುಗಿಸಿಕೊಂಡು ಅದೇ ಚೈನಿನ ಇನ್ನೊಂದು ಬದಿಯಲ್ಲಿ ಮತ್ತೆ 35 ಹೊಲಿಗೆ ಹಾಕಿ. ಈಗ ಸುತ್ತಿನಲ್ಲಿ 70 ಹೊಲಿಗೆಗಳಿವೆ. 70ನೆಯದಕ್ಕೆ ಬಣ್ಣದ ದಾರ ಕಟ್ಟಿ. ಇಲ್ಲಿಂದ ಮುಂದೆ ಸುತ್ತನ್ನು ಮುಚ್ಚುವುದೂ ಬೇಡ, ತುದಿಗಳಲ್ಲಿ ಹೆಚ್ಚಿಸುವುದೂ ಬೇಡ. ಹಿಂದಿನ ಸುತ್ತಿನ ಪ್ರತಿ ಹೊಲಿಗೆಯ ನೆತ್ತಿಯ ಎರಡೂ ಎಳೆಗಳಡಿ ಕೊಕ್ಕೆ ತೂರಿಸಿ ಒಂದೊಂದು ಹೊಲಿಗೆ ಹಾಕುತ್ತ ಸುತ್ತುತ್ತಿದ್ದರಾಯಿತು. ಗುರುತಿನ ದಾರದ ಬಳಿ ಬಂದಾಗ ಎಣಿಸಿ. 70 ಇದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ಆ ಸುತ್ತನ್ನಷ್ಟೇ ಬಿಚ್ಚಿ.

ನಾಲ್ಕೈದು ಸುತ್ತುಗಳಲ್ಲಿ ಕೆಲಸ ದೋಣಿಯಂತೆ ಮೇಲಕ್ಕೆದ್ದು ಚೀಲವಾಗತೊಡಗುತ್ತದೆ. ಏನೋ ತಪ್ಪಾಯಿತೆಂದು ಬಿಚ್ಚಬೇಡಿ. ಚೀಲದ ಎತ್ತರ ಬುಡದ ಉದ್ದದ ಅರ್ಧದಷ್ಟಾದಾಗ ನಿಲ್ಲಿಸಬೇಕು; ಸಾಮಾನ್ಯವಾಗಿ 20 ಸುತ್ತು ಹಿಡಿಯುತ್ತದೆ. ಬುಡದ ಚೈನಿನ ಎರಡು ತುದಿಗಳ ನೇರಕ್ಕೆ ಮೇಲಂಚಿನಲ್ಲಿರುವ ಬಿಂದುಗಳು ನಡುವೆ ಬಂದು ಕೂಡುವಂತೆ ಬಾಯಿಯನ್ನು ಒತ್ತಿ ಮುಚ್ಚಿ. ಆಗ ಸುಮಾರು 16-17 ಸೆಂ.ಮೀ. ಬದಿಯ ಚೌಕ ಕಾಣಿಸುತ್ತದೆ. ಬಾಯಿಯ ಗೆರೆ ಅದರ ಕರ್ಣವಾಗಿ ಮೂಲೆಯಿಂದ ಮೂಲೆಗೆ ಸಾಗುತ್ತದೆ. ಅಂಚುಗಳು ಕೂಡದಿದ್ದರೆ ಇನ್ನೊಂದು ಸುತ್ತು, ಉಬ್ಬಿದರೆ ಒಂದು ಸುತ್ತು ಕಡಿಮೆ. ಎರಡು ಗೇಣು ನೂಲು ಬಿಟ್ಟು ಕತ್ತರಿಸಿ, ಸೂಜಿಗೆ ಪೋಣಿಸಿ ಬಾಯಿಯನ್ನು ಹೊಲಿಯಿರಿ. ಒಂದು ಮೂಲೆಯಲ್ಲಿ 12 ಚೈನಿನ ಕುಣಿಕೆ ಮಾಡಿದರೆ ಮೊಳೆಗೆ ತೂಗುಹಾಕಲು ಅನುಕೂಲ.

ಮುಗಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ತೂತುಗಳಿಂದ ಬೆಳಕು ಕಂಡರೆ ಆವಿಯೂ ಅಲ್ಲಿಂದಲೇ ಬರುತ್ತದೆ, ಮುಂದಿನದಕ್ಕೆ 3.5 ಮಿ.ಮೀ. ಕಡ್ಡಿ ಬಳಸಿ. ಕುಕ್ಕರಿನ ಹಿಡಿಗೆ ಇಷ್ಟು ಸಾಕು. ಕೆಂಪಗೆ ಕಾದ ಕಬ್ಬಿಣಕ್ಕಾಗಲಿ ಸೌದೆಯೊಲೆಯ ಕೆಂಡದ ಮೇಲಿನ ಪಾತ್ರೆಗಾಗಲಿ ಇದನ್ನು ನಂಬುವಂತಿಲ್ಲ, ಅಲ್ಲಿ ಇಕ್ಕಳವೇ ಸರಿ.

ಕೈ ಸುಟ್ಟುಕೊಳ್ಳುವವರಲ್ಲಿ ಅನೇಕರು ಒದ್ದೆ ಬಟ್ಟೆ ಹಿಡಿದವರು. ಒದ್ದೆ ಬಟ್ಟೆ ತಂಪಾಗಿರುತ್ತದೆಂಬ ಭಾವನೆ ಮೊದಲ ಎರಡು ಕ್ಷಣಗಳಿಗಷ್ಟೇ ನಿಜ. ಎಳೆಗಳ ನಡುವೆ ಸಿಕ್ಕ ಗಾಳಿಯೇ ಶಾಖವನ್ನು ತಡೆಯುವುದು. ಆ ಜಾಗವನ್ನು ತುಂಬುವ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹೀಗಾಗಿ ಎರಡು ಹೆಣೆದಿಟ್ಟುಕೊಳ್ಳುವುದು ಒಳಿತು: ಒಂದು ಒಗೆದು ಒಣಗುತ್ತಿರುವಾಗ ಇನ್ನೊಂದು ಒಲೆಯಿಂದ ಒಂದು ಮೊಳ ದೂರದ ಮೊಳೆಯಲ್ಲಿ ಒಣಗಿಯೇ ಇರಬೇಕು.